ಹೊಸ ನಂಬರಿನ ಹಳೆಯ ಋಣ

ಶಿರಾಕ್ಕೆ 08135, ಪಾವಗಡಕ್ಕೆ 08136, ಮಧುಗಿರಿಗೆ 08137, ಕೊರಟಗೆರೆಗೆ 08138. ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳು ದೂರವಾಣಿಯ ಲೆಕ್ಕದಲ್ಲಿ ಒಂದೇ ಪಂಕ್ತಿಗೆ ಕುಳಿತ ಅಣ್ಣತಮ್ಮಂದಿರಂತೆ ಸಾಲಾಗಿ ಕುಳಿತಿವೆ. ಅಂಗಡಿಯ ಕೈಚೀಲದ ಮೇಲೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಕೆಳಗೆ, ಲಗ್ನಪತ್ರಿಕೆಯ ಮೂಲೆಯಲ್ಲಿ ಈ ಅಂಕಿಗಳನ್ನು ಕಂಡವರಿಗೆ ಹೆಸರನ್ನು ಓದುವುದಕ್ಕೆ ಮೊದಲೇ ಊರು ತಿಳಿದುಬಿಡುತ್ತಿತ್ತು. ಆ ಕಾಲದ ನಂಬರು ಮನುಷ್ಯನದಲ್ಲ, ಸ್ಥಳದ್ದು. ಅಂಗಡಿಯ ಹೊಸ್ತಿಲು ಹೇಗೆ ಬೀದಿಗೆ ಸೇರಿದ್ದೋ, ಗೂಡಿನಲ್ಲಿಟ್ಟ ಕಪ್ಪು ಯಂತ್ರವೂ ಅದರ ಅಂಕಿಗಳೂ ಹಾಗೆಯೇ ಬೀದಿಗೆ ಸೇರಿದ್ದವು.

ಮೊಬೈಲಿನ ಹತ್ತು ಅಂಕಿಗಳಿಗೆ ಈ ಗುಣವಿಲ್ಲ. 9 ಎಂದೋ 8 ಎಂದೋ, 7 ಎಂದೋ 6 ಎಂದೋ ಅದು ಆರಂಭವಾಗುತ್ತದೆ; ಕೊರಟಗೆರೆಯದೋ ಕೋಲಾರದ್ದೋ ಹೇಳಬಲ್ಲ ಜಾಣರಿಲ್ಲ. ಊರಿನ ಗುರುತನ್ನು ಕಳೆದುಕೊಂಡ ನಂಬರು ತನ್ನ ಪರಿಚಯವನ್ನು ತಾನೇ ಸಂಪಾದಿಸಿಕೊಳ್ಳಬೇಕು. ವ್ಯಾಪಾರಕ್ಕೆಂದು ಹೊಸ ಸಿಮ್ ಕೊಂಡು, ಆ ಸಂಜೆಯೇ ವಾಟ್ಸ್ಯಾಪಿನಲ್ಲಿ ಅಂಗಡಿ ತೆರೆಯುವ ಉತ್ಸಾಹಿಗಳು ಮರೆಯುವುದು ಇದನ್ನೇ.

ಮಧುಗಿರಿಯಲ್ಲಿ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಈ ನಾಲ್ಕು ಊರುಗಳಲ್ಲಿ ಯಾವುದರಲ್ಲಿಯಾದರೂ ಇರಬಹುದಾದ ಮನೆ. ಮನೆಯಾಕೆಯ ಕೈ ಹುಣಿಸೆಕಾಯಿ ತೊಕ್ಕಿಗೂ ಕಡಲೆಕಾಯಿ ಚಟ್ನಿಪುಡಿಗೂ ಹೆಸರಾದದ್ದು. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆರೆಯವರಿಗೆ ಹೋಗುತ್ತಿದ್ದ ಡಬ್ಬಿಗಳಿಗೆ ಕ್ರಮೇಣ ಬೆಲೆ ಕಟ್ಟಬೇಕಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಭಾನುವಾರ ಬಂದವನು ತಾಯಿಯ ಸ್ವಂತ ಮೊಬೈಲನ್ನು ನೋಡಿ ಬೆರಗಾದ. ಬೀಗರ ಕುಶಲಪ್ರಶ್ನೆ, ದೇವರ ಪಟ, ಹಾಲಿನವನ ಲೆಕ್ಕ, ಅರ್ಧ ಕಿಲೋ ತೊಕ್ಕಿನ ಬೇಡಿಕೆ — ಎಲ್ಲವೂ ಒಂದೇ ಬುಟ್ಟಿಯಲ್ಲಿ.

“ಅಮ್ಮ, ವ್ಯಾಪಾರಕ್ಕೆ ಬೇರೆ ನಂಬರು ಬೇಕೇ ಬೇಕು.”

“ಇರುವ ನಂಬರಿಗೇ ಜನ ಕೇಳುತ್ತಿದ್ದಾರಲ್ಲೋ.”

“ಕೇಳುತ್ತಾರೆ, ನೀನು ಮರೆಯುತ್ತೀಯೆ. ಹೋದ ವಾರ ತಿಪಟೂರಿನವರಿಗೆ ಕಳುಹಿಸಿದೆಯಾ?”

ತಾಯಿ ಮಾತನಾಡಲಿಲ್ಲ. ಹೊಸ ಸಿಮ್ ಬಂತು.

ಮಗ ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವಂಥದು. ಕಾಲೇಜಿನ ಗೆಳೆಯರ ಪಟ್ಟಿ, ತಾನಿರುವ ವಸತಿಸಮುಚ್ಚಯದವರ ಪಟ್ಟಿ, ಯಾರದೋ ಮದುವೆಗೆ ಬಂದವರ ಪಟ್ಟಿ — ಎಲ್ಲವನ್ನೂ ಒಟ್ಟುಗೂಡಿಸಿದರೆ ಮುನ್ನೂರು ನಂಬರು. ಬೆಳಗ್ಗೆ ತೆರೆದ ಖಾತೆಯಿಂದ ಮಧ್ಯಾಹ್ನದೊಳಗೆ ಮುನ್ನೂರು ಮಂದಿಗೂ ತೊಕ್ಕಿನ ಡಬ್ಬಿಯ ಒಂದೇ ಚಿತ್ರ, ಒಂದೇ ಒಕ್ಕಣೆ. ರಾತ್ರಿ ನೋಡುವಾಗ ಖಾತೆ ಮುಚ್ಚಿತ್ತು. ಮರುಪರಿಶೀಲನೆಗೆ ಅರ್ಜಿ ಹಾಕಿ ಕಾದದ್ದೂ ಫಲಿಸಲಿಲ್ಲ. ಸಿಮ್ಮಿಗೇನೂ ಕೇಡಿಲ್ಲ, ಅದರಲ್ಲಿ ಮಾತನಾಡಬಹುದು. ಆದರೆ ತಂದದ್ದು ಮಾತನಾಡುವುದಕ್ಕಾಗಿ ಅಲ್ಲವಲ್ಲ!

“ನನ್ನ ತೊಕ್ಕಿನಲ್ಲಿ ಏನು ತಪ್ಪು ಕಂಡರಂತೆ?” ಎಂದು ತಾಯಿ ಕೇಳಿದರು. ತೊಕ್ಕಿನ ಮಾತನ್ನು ಯಾರೂ ಓದಿರಲಿಲ್ಲ. ವಾಟ್ಸ್ಯಾಪಿನಲ್ಲಿ ಇಬ್ಬರ ನಡುವಿನ ಸಂದೇಶ ಕಳುಹಿಸಿದವರಿಗೂ ಪಡೆದವರಿಗೂ ಹೊರತು ಮಧ್ಯದವರಿಗೆ ತಿಳಿಯದಂತೆ ಬೀಗಮುದ್ರೆಯಲ್ಲಿ ಸಾಗುತ್ತದೆ. ಕಂಪೆನಿಯು ಗಮನಿಸುವುದು ಮಾತನ್ನಲ್ಲ, ನಡತೆಯನ್ನು. ಹುಟ್ಟಿದ ದಿನವೇ ಒಂದು ಖಾತೆ ತನ್ನನ್ನು ಅರಿಯದ ನೂರಾರು ಜನರ ಬಾಗಿಲು ತಟ್ಟುತ್ತದೆ. ಉತ್ತರ ಕೊಡುವವರು ಬೆರಳೆಣಿಕೆಯಷ್ಟು. ಕೆಲವರು ‘ಬ್ಲಾಕ್’ ಒತ್ತುತ್ತಾರೆ, ಕೆಲವರು ದೂರು ಕೊಡುತ್ತಾರೆ. ದಂಡಿನ ಮಾರಮ್ಮನ ಜಾತ್ರೆಗೆ ಬಂದ ಅಪರಿಚಿತನೊಬ್ಬ ಒಂದೇ ಮಧ್ಯಾಹ್ನ ಮಧುಗಿರಿಯ ಮುನ್ನೂರು ಮನೆಗಳ ಅಗಳಿ ಅಲುಗಿಸಿದರೆ ಊರವರು ಅವನ ಗಂಟಿನಲ್ಲಿ ಏನಿದೆಯೆಂದು ಬಿಚ್ಚಿ ನೋಡುತ್ತ ಕೂರುವುದಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆ ಕಂಪೆನಿ ಪ್ರತಿ ತಿಂಗಳೂ ಪ್ರಕಟಿಸುತ್ತ ಬಂದ ವರದಿಗಳಲ್ಲಿ ಭಾರತದಲ್ಲಿ ಮುಚ್ಚಿದ ಖಾತೆಗಳ ಎಣಿಕೆ ಲಕ್ಷಗಳಲ್ಲಿ ಇರುತ್ತದೆ. ಅವುಗಳಲ್ಲಿ ವಂಚಕರೆಷ್ಟು ಮಂದಿಯೋ, ಹೀಗೆ ಅವಸರಕ್ಕೆ ಬಿದ್ದವರೆಷ್ಟು ಮಂದಿಯೋ!

ಎರಡನೆಯ ಸಿಮ್ ಕೊಳ್ಳುವಾಗ ಮನೆಯಲ್ಲಿ ಸಣ್ಣ ವ್ಯಾಜ್ಯವೇ ನಡೆಯಿತು. ಅದು ಯಾರ ಹೆಸರಿನಲ್ಲಿರಬೇಕು?

“ನನ್ನ ಹೆಸರಿನಲ್ಲಿಯೇ ಇರಲಿ ಬಿಡಮ್ಮ. ರೀಚಾರ್ಜು ಮಾಡುವವನು ನಾನೇ ತಾನೆ?”

“ಒಲೆಯ ಮುಂದೆ ನಿಂತು ತಿರುವುವವಳು ನಾನು, ನಂಬರು ಮಾತ್ರ ನಿನ್ನದೆ?”

ತಾಯಿಯದು ಹಟವೆಂದು ಮಗನಿಗೆ ತೋರಿತು. ವಾಸ್ತವದಲ್ಲಿ ಆಕೆಯ ಮಾತಿನಲ್ಲಿಯೇ ವ್ಯವಹಾರಜ್ಞಾನವಿತ್ತು. ಅಂಗಡಿಯಿಲ್ಲದ, ಫಲಕವಿಲ್ಲದ ವ್ಯಾಪಾರಕ್ಕೆ ಇರುವ ಆಸ್ತಿಯೆಲ್ಲ ಆ ಹತ್ತು ಅಂಕಿಗಳು. ನಾಳೆ ಮಗ ಪರದೇಶಕ್ಕೆ ಹೋಗಬಹುದು, ರೀಚಾರ್ಜು ಮರೆಯಬಹುದು, ಸಿಮ್ ಕಳೆದರೆ ಬದಲಿ ಸಿಮ್ಮಿಗಾಗಿ ಗುರುತಿನ ಚೀಟಿ ಹಿಡಿದು ಹೋಗಬೇಕಾದವನು ಅವನೇ ಆಗುತ್ತಾನೆ. ಮೂರು ತಿಂಗಳು ಬಳಸದೆ ಇಟ್ಟ ಪೂರ್ವಪಾವತಿ ಸಿಮ್ ಸೇವೆ ಕಳೆದುಕೊಳ್ಳುತ್ತದೆ, ಕೊನೆಗೆ ನಂಬರೂ ಕೈಬಿಡುತ್ತದೆ. ಗಿರಾಕಿಗಳು ಮಾತ್ರ ಅದೇ ನಂಬರಿಗೆ ಬರೆಯುತ್ತಲೇ ಇರುತ್ತಾರೆ. ಬರೆದದ್ದು ಇನ್ನಾರ ಮನೆಗೋ ಸೇರುತ್ತದೆ. ಸೈಟಿನ ಪತ್ರವನ್ನು ಹತ್ತು ಸಾರಿ ಓದಿ ರುಜು ಹಾಕುವ ಕುಟುಂಬಗಳು ಹೆಂಗಸರು ಕಟ್ಟಿದ ಇಂತಹ ವ್ಯಾಪಾರದ ನಂಬರನ್ನು ಕೈಗೆ ಸಿಕ್ಕಿದ ಗಂಡಸಿನ ಹೆಸರಿಗೆ ಬರೆಸಿಬಿಡುವುದು ವಿಚಿತ್ರವೇ ಸರಿ. ಸಿಮ್ ತಾಯಿಯ ಹೆಸರಿಗೆ ಬಂತು.

ಅದನ್ನು ಫೋನಿಗೆ ಹಾಕಿ ವಾಟ್ಸ್ಯಾಪ್ ತೆರೆದರೆ, ಯಾರೂ ಇಟ್ಟಿರದ ಆರಂಕಿಯ ಪಿನ್ನನ್ನು ಅದು ಕೇಳಿತು! ಹೊಸ ನಂಬರೆಂಬುದು ಹೊಸದಾಗಿರಲಿಲ್ಲ. ಹಿಂದೆ ಅದನ್ನು ಬಳಸುತ್ತಿದ್ದವರು ಭದ್ರತೆಗೆಂದು ಪಿನ್ ಇಟ್ಟು, ಖಾತೆಯನ್ನು ಅಳಿಸದೆ ಹೋಗಿದ್ದರು. ಅಂತಹ ಸಂದರ್ಭದಲ್ಲಿ ಏಳು ದಿನ ಕಾದರೆ ಪಿನ್ ಇಲ್ಲದೆಯೇ ಪ್ರವೇಶ ದೊರೆಯುತ್ತದೆ. ಮಗ ಬೇಸರಿಸಿಕೊಂಡ, ಆದರೆ ಆ ಏಳು ದಿನಗಳ ಕಾವಲು ಒಳ್ಳೆಯದನ್ನೇ ಮಾಡಿತು.

ಅಂಕಿಗಳು ಹತ್ತೇ, ಜನ ಕೋಟಿ ಕೋಟಿ. ಒಬ್ಬರು ಬಿಟ್ಟ ನಂಬರನ್ನು ಇನ್ನೊಬ್ಬರಿಗೆ ಕೊಡದೆ ವಿಧಿಯಿಲ್ಲ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸೇವೆ ನಿಂತ ನಂಬರನ್ನು ಕನಿಷ್ಠ 90 ದಿನಗಳವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅಲ್ಲಿ ತಿಳಿಸಿತು. 45 ದಿನ ನಿಷ್ಕ್ರಿಯವಾಗಿದ್ದ ಖಾತೆ ಆಮೇಲೆ ಬೇರೊಂದು ಫೋನಿನಲ್ಲಿ ತೆರೆದರೆ ಹಳೆಯ ಖಾತೆಯ ವಿವರಗಳನ್ನು ಅಳಿಸುವುದಾಗಿ ವಾಟ್ಸ್ಯಾಪ್ ವಿವರಿಸಿತ್ತು. 2023ರ ನವೆಂಬರಿನಲ್ಲಿ ನ್ಯಾಯಾಲಯವು ಹೇಳಿದ್ದು ಇಷ್ಟು: ನಂಬರು ಬಿಡುವವರು ಅದಕ್ಕೆ ಅಂಟಿದ ಖಾತೆಯನ್ನು ತಾವೇ ಅಳಿಸಿ ಹೋಗಬೇಕು. ಬಾಡಿಗೆಯ ಮನೆ ಖಾಲಿ ಮಾಡುವಾಗ ಗೋಡೆಯ ದೇವರ ಪಟವನ್ನು ಮರೆಯದೆ ಇಳಿಸಿಕೊಳ್ಳುವ ಜನ ಇದನ್ನು ಮರೆಯುತ್ತಾರೆ. ಬ್ಯಾಂಕಿನಲ್ಲಿ ನಂಬರನ್ನು ಬದಲಾಯಿಸುವುದನ್ನೂ ಮರೆಯುತ್ತಾರೆ.

ಮೂರನೆಯ ದಿನ ಆ ಮರೆವಿನ ಫಲ ಬಂತು: ಯಾರದೋ ಉಳಿತಾಯ ಖಾತೆಯಿಂದ ಹಣ ತೆಗೆದ ಸಂದೇಶ. ಅದರ ಹಿಂದೆಯೇ ಒಂದು ಓಟಿಪಿ.

“ನೋಡಮ್ಮ, ಇದನ್ನು ಇಟ್ಟುಕೊಂಡು ಆತನ ಖಾತೆಯನ್ನೇ ತೆರೆಯಬಹುದೇನೋ!” ಎಂದು ಮಗ ನಗುತ್ತ ಹೇಳಿದ.

“ಕಂಡವರ ಕಾಗದ ಓದುವುದೂ ಒಂದು ಜಾಣತನವೆ? ಅಳಿಸು ಅದನ್ನು. ಬ್ಯಾಂಕಿನವರಿಗೆ ತಿಳಿಸು.”

ಮಗ ಆ ಬ್ಯಾಂಕಿನ ಗ್ರಾಹಕ ಸೇವೆಗೆ ಕರೆಮಾಡಿ, ಈ ನಂಬರು ಈಗ ಬೇರೆಯವರದೆಂದು ತಿಳಿಸಿದ. ಸೇವೆ ಕೊನೆಗೊಂಡ ನಂಬರುಗಳ ಪಟ್ಟಿ ಪ್ರಕಟವಾಗುತ್ತದೆ. ಅದನ್ನು ನೋಡಿ ಗ್ರಾಹಕರ ದಾಖಲೆಯನ್ನು ತಿದ್ದಿಕೊಳ್ಳುವಂತೆ ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಆದರೂ ಅಂತಹ ಸಂದೇಶ ಬಂದರೆ ಪಡೆದವರು ಮುಟ್ಟದೆ ಅಳಿಸುವುದೇ ಸರಿ. ವ್ಯಾಪಾರ ಆರಂಭಿಸುವ ಮೊದಲು ಹೀಗೆ ಕೆಲವು ದಿನ ನಂಬರನ್ನು ಕೇವಲ ದೂರವಾಣಿಯನ್ನಾಗಿ ಬಳಸಿದರೆ ಅದರ ಹಿಂದಿನ ಋಣಾನುಬಂಧಗಳೆಲ್ಲ ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ಹಾಗೆ ಬಂದ ಇನ್ನೊಂದು ಋಣ ಪಾವಗಡದ ಕಡೆಯ ಒಬ್ಬ ಮುದುಕನದು. ಮೂರು ಕಡೆ ಆಂಧ್ರವೇ ಸುತ್ತುವರಿದ ಆ ತಾಲ್ಲೂಕಿನಲ್ಲಿ ಮನೆಮಾತು ತೆಲುಗಾಗಿರುವವರು ಹೇರಳ. ಮುದುಕ ತೆಲುಗಿನಲ್ಲಿಯೇ ಕೇಳಿದ: ಕಡಲೆಕಾಯಿ ಕಿತ್ತಾಗಿದೆ, ಚಳ್ಳಕೆರೆಗೆ ಲಾರಿ ಯಾವಾಗ ಬರುತ್ತದೆ? ಮಧುಗಿರಿಯ ಗೃಹಿಣಿಗೆ ಸಂತೆಯ ತೆಲುಗು ಅಷ್ಟಿಷ್ಟು ಬರುತ್ತಿತ್ತು. ಇದು ಲಾರಿಯವರ ನಂಬರಲ್ಲವೆಂದು ತಿಳಿಹೇಳಿದರು. ಮುದುಕ ಒಪ್ಪಿದ. ಮರುವಾರ ಮತ್ತೆ ಕರೆಮಾಡಿ ಲಾರಿ ಕೇಳಿದ.

“ಬ್ಲಾಕ್ ಮಾಡಿಬಿಡಲೇನಮ್ಮ?”

“ಬೇಡವೋ. ಲಾರಿಯವನ ಹೊಸ ನಂಬರು ಯಾರಿಗಾದರೂ ತಿಳಿದೀತು. ವಿಚಾರಿಸಿ ಹೇಳೋಣ.”

ಇಂತಹ ನಂಬರಿನಲ್ಲಿ ಇನ್ನೊಂದು ತಮಾಷೆಯುಂಟು. ಹಿಂದೆ ಅದನ್ನು ಬರೆದಿಟ್ಟುಕೊಂಡವರ ಫೋನುಗಳಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಖಾತೆ ತೆರೆದ ದಿನದಿಂದ ಎಷ್ಟೋ ಮಂದಿಯ ಫೋನಿನಲ್ಲಿ ಹುಣಿಸೆ ತೊಕ್ಕಿನ ಚಿತ್ರ ಲಾರಿಯವನ ಹೆಸರಿನ ಕೆಳಗೆ ಕಾಣಿಸಿಕೊಂಡಿರಬೇಕು! ಕರೆಮಾಡಿದವರ ಹೆಸರನ್ನು ತೋರಿಸುವ ಟ್ರೂಕಾಲರಿನಂತಹ ಸೇವೆಗಳಲ್ಲಿಯೂ ಹೀಗೆಯೇ. ಅಲ್ಲಿ ಹೆಸರನ್ನು ತಿದ್ದಿಸಿಕೊಳ್ಳುವುದು ಮೊದಲ ದಿನಗಳ ಕೆಲಸಗಳಲ್ಲಿ ಒಂದು. ಅಂಗಡಿ ಹಿಡಿದವರು ಹಳೆಯ ಬೋರ್ಡು ಇಳಿಸದೆ ಹೊಸ ಸರಕು ಮಾರಲಾದೀತೆ?

ಏಳು ದಿನ ಕಳೆದು ಖಾತೆ ತೆರೆಯಿತು. ಈ ಸಾರಿ ಹಾಕಿಕೊಂಡದ್ದು ವರ್ತಕರಿಗೆಂದೇ 2018ರ ಜನವರಿಯಲ್ಲಿ ಹೊರಬಂದ ವಾಟ್ಸ್ಯಾಪ್ ಬಿಸಿನೆಸ್. ಸಣ್ಣ ವ್ಯಾಪಾರಿಗಳು ಅದನ್ನು ಹಾಕಿಕೊಳ್ಳುವುದಕ್ಕೆ ಹಣವಿಲ್ಲ. ಒಂದೇ ನಂಬರನ್ನು ಸಾಮಾನ್ಯ ವಾಟ್ಸ್ಯಾಪಿನಲ್ಲಿಯೂ ಇದರಲ್ಲಿಯೂ ಏಕಕಾಲಕ್ಕೆ ಇಡಲಾಗದು. ಬೀಗರ ಕುಶಲಪ್ರಶ್ನೆ ಹಳೆಯ ನಂಬರಿನಲ್ಲಿ ಉಳಿಯಿತು, ವ್ಯಾಪಾರ ಹೊಸದಕ್ಕೆ ಬಂತು. ವ್ಯಾಪಾರದ ಹೆಸರು, ಊರು, ಮಾತನಾಡಲು ಸಿಗುವ ಹೊತ್ತು, ತಿನಿಸುಗಳ ಚಿತ್ರ ಮತ್ತು ಬೆಲೆಯ ಪಟ್ಟಿ — ಇಷ್ಟನ್ನೂ ಮೊದಲೇ ತುಂಬಿಟ್ಟದ್ದಾಯಿತು. ಮೊದಲ ಸಾರಿ ಬರೆದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತನ್ನೂ, ರಾತ್ರಿ ಬರೆದವರಿಗೆ ಬೆಳಗ್ಗೆ ಉತ್ತರಿಸುವುದಾಗಿ ತಿಳಿಸುವ ಮಾತನ್ನೂ ಬರೆದಿಡಬಹುದು. ಮಗ ಇವನ್ನು ಇಂಗ್ಲಿಷಿನಲ್ಲಿ ಬರೆದಿದ್ದ. ತಾಯಿ ಕನ್ನಡದಲ್ಲಿ ಬರೆಸಿದರು. ಎರಡು ಹಂತದ ಪರಿಶೀಲನೆಗೆ ಹೊಸ ಪಿನ್ ಇಟ್ಟದ್ದೂ ಅಂದೇ.

ಆಮೇಲೆ ಹದಿನೈದು ದಿನ ವಿಶೇಷವೇನೂ ನಡೆಯಲಿಲ್ಲ. ನಡೆಸಲಿಲ್ಲ ಎನ್ನುವುದು ಸರಿ. ಕೊರಟಗೆರೆಯ ತಂಗಿ, ಶಿರಾದ ಅಣ್ಣ, ಪಕ್ಕದ ಮನೆಯವರು — ಹೀಗೆ ತಾವಾಗಿ ಬರೆಯಬಲ್ಲವರೊಡನೆ ಮಾತ್ರ ಮಾತು. ಹೋಗುವ ಸಂದೇಶಗಳಷ್ಟೇ ಬರುವ ಸಂದೇಶಗಳೂ ಇದ್ದರೆ, ಕೇಳಿದವರಿಗೆ ಮಾತ್ರ ಉತ್ತರ ಹೋಗುತ್ತಿದ್ದರೆ, ಆ ಖಾತೆ ಸಂಸಾರಸ್ಥರದೆಂದು ಯಂತ್ರಕ್ಕೂ ಕಾಣುತ್ತದೆ. ಇದನ್ನೇ ಈ ವಿದ್ಯೆಯ ಪಂಡಿತರು ನಂಬರನ್ನು ‘ಬಿಸಿ ಮಾಡುವುದು’ ಎನ್ನುತ್ತಾರೆ. ಹೆಂಚು ಕಾಯುವ ಮೊದಲೇ ಹಿಟ್ಟು ಹೊಯ್ದರೆ ದೋಸೆ ಏಳುವುದಿಲ್ಲವೆಂಬುದು ಗೃಹಿಣಿಯರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಈ ಕಾಯುವಿಕೆಯನ್ನು ತಪ್ಪಿಸುವುದಾಗಿ ಆಸೆ ಹುಟ್ಟಿಸುವವರೂ ಇದ್ದಾರೆ. ಎರಡು ಸಿಮ್ಮುಗಳು ಹಗಲಿರುಳು ತಮ್ಮತಮ್ಮೊಳಗೇ ಸಂದೇಶ ಕಳುಹಿಸಿಕೊಳ್ಳುವಂತೆ ಮಾಡುವ ತಂತ್ರಾಂಶವಿದೆ, ಬೊಂಬೆಗಳ ಹರಟೆ. ‘ಪಳಗಿದ’ ನಂಬರುಗಳನ್ನೇ ಮಾರುವವರಿದ್ದಾರೆ. ಯಾರ ಹೆಸರಿನಲ್ಲಿ, ಯಾವ ದಾಖಲೆಯ ಮೇಲೆ ಪಡೆದ ಸಿಮ್ಮುಗಳೋ ದೇವರೇ ಬಲ್ಲ. ಮೋಸದಿಂದಲೋ ಬೇರೆಯವರ ಸೋಗಿನಲ್ಲಿಯೋ ಸಿಮ್ ಪಡೆಯುವುದಕ್ಕೆ 2023ರ ದೂರಸಂಪರ್ಕ ಕಾಯಿದೆಯು ಮೂರು ವರ್ಷದವರೆಗಿನ ಸೆರೆಯನ್ನೂ 50 ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸಿದೆ. ತೊಕ್ಕು ಮಾರುವವರು ಆ ಬೀದಿಗೆ ಕಾಲಿಡದಿರುವುದು ಲೇಸು. (ಹರಟೆಯ ಮಾತು ಬಂದದ್ದರಿಂದ ಒಂದು ಸಂಗತಿ: 2025ರಲ್ಲಿ ಬಹಳ ಸುದ್ದಿಯಾದ ‘ಅರಟ್ಟೈ’ ಎಂಬ ಭಾರತೀಯ ಸಂದೇಶಸೇವೆಯ ಹೆಸರು ತಮಿಳಿನದು, ಕನ್ನಡದ ಹರಟೆಗೆ ಅದು ಒಡಹುಟ್ಟು. ಅಲ್ಲಿಗೆ ಹೋದರೂ, ಟೆಲಿಗ್ರಾಮಿಗೆ ಹೋದರೂ ಮೊದಲು ಕೊಡಬೇಕಾದದ್ದು ಈ ಹತ್ತಂಕಿಯನ್ನೇ.)

ನಿಜವಾದ ಸಿದ್ಧತೆಯನ್ನು ಮಾಡಿದ್ದು ಒಂದು ಕಾಗದದ ಚೀಟಿ. ಪ್ರತಿ ಡಬ್ಬಿಯ ಮುಚ್ಚಳಕ್ಕೂ ತಾಯಿ ಒಂದೊಂದನ್ನು ಅಂಟಿಸಿದರು: ‘ಮತ್ತೆ ಬೇಕಾದರೆ ಈ ನಂಬರಿಗೆ ತೊಕ್ಕು ಎಂದು ಬರೆಯಿರಿ. ನಂಬರನ್ನು ಹೆಸರಿನೊಡನೆ ಬರೆದಿಟ್ಟುಕೊಳ್ಳಿ.’ ಕೊರಟಗೆರೆಯ ತಂಗಿಯ ಮನೆಯಲ್ಲಿಯೂ ಒಂದು ಕಟ್ಟು ಚೀಟಿ ಇತ್ತು. ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆಂದು ಬಂದ ನೆಂಟರಿಷ್ಟರು ಡಬ್ಬಿಯೊಡನೆ ಅದನ್ನೂ ಒಯ್ದರು. ಎರಡನೆಯ ವಾಕ್ಯ ಸುಮ್ಮನೆ ಬರೆದದ್ದಲ್ಲ. ವಾಟ್ಸ್ಯಾಪಿನಲ್ಲಿ ಬಹುಕಾಲದಿಂದ ಬಂದ ಒಂದು ಏರ್ಪಾಡಿದೆ: 256 ಜನರವರೆಗೆ ಒಂದು ಪಟ್ಟಿ ಮಾಡಿ ಎಲ್ಲರಿಗೂ ಒಮ್ಮೆಗೇ ಸುದ್ದಿ ಕಳುಹಿಸಬಹುದು. ಆದರೆ ಕಳುಹಿಸಿದವರ ನಂಬರನ್ನು ಯಾರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾರೆಯೋ ಅವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ; ಹೋಗಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಮಗನ ಮುನ್ನೂರು ಹೆಸರಿನ ಪಟ್ಟಿಗಿಂತ ಮುಚ್ಚಳದ ಮೇಲಿನ ಮೂವತ್ತು ಚೀಟಿ ಹೆಚ್ಚು ಬಾಳುವುದು ಇದರಿಂದ. ಪುಸ್ತಕ ತನ್ನದು, ಬರೆದುಕೊಳ್ಳುವ ಕೈ ಗಿರಾಕಿಯದು.

ಇಷ್ಟರಲ್ಲಿ ಶಿರಾದ ಸೋದರಮಾವ ಈ ಕಥೆಯೊಳಕ್ಕೆ ಬಂದರು. ಅವರದು ದಿನಸಿ ಅಂಗಡಿ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತ ಕಾಲದ ಮನುಷ್ಯ. ನಿರ್ವಾಹಕರ ನೆರವಿಲ್ಲದೆ ದೂರದ ಊರಿಗೆ ನೇರವಾಗಿ ಕರೆಮಾಡುವ ಸೌಕರ್ಯ ಭಾರತದಲ್ಲಿ 1960ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ ಮೊದಲಾಯಿತು; ಶಿರಾದಂತಹ ಊರಿನ ಅಂಗಡಿಯ ಮೇಜಿಗೆ ಅದು ಬರಲು ಎಷ್ಟೋ ಕಾಲ ಹಿಡಿಯಿತು. ಬಂದ ಆ ನಂಬರನ್ನು ಅವರು ಎಂದೂ ಬಿಟ್ಟವರಲ್ಲ. ಸುತ್ತಿನ ಹಳ್ಳಿಗಳಿಗೆಲ್ಲ ಅದು ಬಾಯಿಪಾಠ.

“ನೀನು ಹೇಳುವ ವಾಟ್ಸ್ಯಾಪಿಗೆ ನಾನೂ ಹೊಸ ನಂಬರು ಕೊಂಡು ಅದನ್ನು ಹದಿನೈದು ದಿನ ಸಾಕಬೇಕೇನಯ್ಯ?” ಎಂದು ಕೇಳಿದರು.

“ಬೇಡ ಮಾವ, ನಿಮ್ಮ ಹಳೆಯದೇ ಸಾಕು.”

ಮಾವ ನಂಬಲಿಲ್ಲ. ಆದರೆ ಇದು ನಿಜ. ಬಿಸಿನೆಸ್ ಖಾತೆಗೆ ಸ್ಥಿರ ದೂರವಾಣಿಯ ನಂಬರನ್ನೂ ಕೊಡಬಹುದು. ಮೊದಲಿನ ಸೊನ್ನೆಯನ್ನು ಬಿಟ್ಟು 8135 ಎಂದು ಬರೆದು, ಮುಂದೆ ಊರೊಳಗಿನ ಆರು ಅಂಕಿ ಸೇರಿಸಿದರೆ ಸರಿಯಾಗಿ ಹತ್ತು. ನೋಡಿದವರು ಮೊಬೈಲೆಂದೇ ತಿಳಿಯಬೇಕು! ಸ್ಥಿರ ದೂರವಾಣಿಗೆ ಬರಹದ ಸಂದೇಶ ಬಾರದು. ಆದ್ದರಿಂದ ಸ್ವಲ್ಪ ಹೊತ್ತು ಕಾದು, ಕರೆಯ ಮೂಲಕ ತಿಳಿಸುವಂತೆ ಕೇಳಿಕೊಳ್ಳಬೇಕು. ಮಗ ಹಾಗೆ ಕೇಳಿಕೊಂಡ ಒಡನೆಯೇ ಬೆಲ್ಲದ ಪಿಂಡಿಗಳ ಪಕ್ಕದಲ್ಲಿದ್ದ ಯಂತ್ರ ಗಣಗಣನೆ ಬಾರಿಸಿತು. ಮಾವ ಎತ್ತಿಕೊಂಡು ಎಂದಿನ ಗಾಂಭೀರ್ಯದಿಂದ ಅಂಗಡಿಯ ಹೆಸರು ಹೇಳಿದರು. ಆ ಕಡೆಯದು ಯಂತ್ರದ ಕಂಠ; ಒಂದೊಂದಾಗಿ ಆರು ಅಂಕಿ ಹೇಳಿತು. ಮಾವ ಅವನ್ನು ಪೊಟ್ಟಣ ಕಟ್ಟುವ ಕಾಗದದ ಮೇಲೆ ಬರೆದುಕೊಂಡು, “ಆಯಿತು, ಇಡುತ್ತೇನೆ” ಎಂದು ಅದಕ್ಕೆ ಉತ್ತರವನ್ನೂ ಕೊಟ್ಟರು.

ಆ ಖಾತೆಯನ್ನು ಹೆಚ್ಚು ಬಿಸಿ ಮಾಡಬೇಕಾಗಿ ಬರಲಿಲ್ಲ. ತಂದೆಯ ಕಾಲದಿಂದ ಆ ಅಂಕಿಗಳನ್ನು ಬರೆದಿಟ್ಟುಕೊಂಡ ಮನೆಗಳಿದ್ದವು; ಮೊದಲ ವಾರವೇ ತಾವಾಗಿ ಬೇಳೆ, ಬೆಲ್ಲದ ಪಟ್ಟಿ ಕಳುಹಿಸಿದರು. ತಂಗಿಯ ತೊಕ್ಕೂ ಅಲ್ಲಿಂದಲೇ ಕೆಲವು ಮನೆಗಳಿಗೆ ಹೋಯಿತು. ಮಗ ಮಾವನಿಗೆ ಒಂದೇ ಎಚ್ಚರಿಕೆ ಹೇಳಿದ್ದ: ಯಂತ್ರ ಹೇಳಿದ ಅಂಕಿಗಳನ್ನು ಯಾರಿಗೂ ಕೊಡಬಾರದು, ತಾನು ಇಡಿಸಿದ ಆರಂಕಿಯ ಪಿನ್ನನ್ನು ಮರೆಯಬಾರದು.

ಮಾವ ಮರೆಯಲಿಲ್ಲ. ಮುಂದಿನ ಭಾನುವಾರ ಮಗ ಅಂಗಡಿಗೆ ಹೋದಾಗ ಗಲ್ಲದ ಮೇಲೆ ಹೊಸ ಲೆಕ್ಕದ ಪುಸ್ತಕ ತೆರೆದಿತ್ತು. ಮೊದಲ ಪುಟದಲ್ಲಿ ಅರಿಶಿನ ಕುಂಕುಮ ಹಚ್ಚಿ ಬರೆದ ‘ಶ್ರೀ’; ಅದರ ಕೆಳಗೆ, ಅಂಗಡಿಗೆ ಬಂದ ಯಾರಿಗಾದರೂ ಕಾಣುವಂತೆ, ದುಂಡಗಿನ ಅಕ್ಷರದಲ್ಲಿ ಆರಂಕಿಯ ಪಿನ್.

“ಏನು ಮಾವ ಇದು! ಹರಿದುಹಾಕಿ ಆ ಪುಟವನ್ನು.”

“ಶ್ರೀಕಾರ ಬರೆದ ಪುಟವನ್ನು ಹರಿಯುವುದೆ?”

ಪುಟ ಉಳಿಯಿತು. ಪಿನ್ನನ್ನು ಬದಲಾಯಿಸಬೇಕಾಯಿತು.